ಓಜ್‌ನ ಅಂಜುಬುರುಕ ಸಿಂಹಕ್ಕೆ ಧೈರ್ಯದ ಪಾನೀಯ ಬೇಕಿತ್ತೇ?

ಪ್ರಶ್ನೆ:
ಎಲ್. ಫ್ರಾಂಕ್ ಬಾಮ್ ಅವರ ‘ದಿ ವಂಡರ್‌ಫುಲ್ ವಿಜರ್ಡ್ ಆಫ್ ಓಜ್’ (1900) ಕಾದಂಬರಿಯನ್ನು ಮಗಳಿಗೆ ರಾತ್ರಿ ಹೊತ್ತು ಓದಿ ಹೇಳುತ್ತಿದ್ದೇನೆ. ನಾಯಿಮರಿ ಟೋಟೋವನ್ನು ಕಚ್ಚಲು ಹೋಗಿ, ಕಥಾನಾಯಕಿಯಾದ ಪುಟ್ಟ ಹುಡುಗಿ ಡೊರೊಥಿಯಿಂದ ಮೂಗಿನ ಮೇಲೆ ಏಟು ತಿಂದು, ತಾನು ಹುಟ್ಟಿನಿಂದಲೇ ಪುಕ್ಕಲು ಇರಬೇಕೆಂದು ಒಪ್ಪಿಕೊಂಡ ಸಿಂಹವು ಮುಂದಿನ ಅಧ್ಯಾಯದಲ್ಲೇ ಗೆಳೆಯರನ್ನು ಒಬ್ಬೊಬ್ಬರಾಗಿ ಬೆನ್ನ ಮೇಲೆ ಹೊತ್ತು ಆಳವಾದ ಕಮರಿಯನ್ನು ಹಾರಿ ದಾಟಿಸುತ್ತದೆ. ಕರಡಿಯ ಮೈ, ಹುಲಿಯ ತಲೆ ಉಳ್ಳ ಕಲಿಡಾಗಳು ಬೆನ್ನಟ್ಟಿದಾಗ ಉಸಿರಿರುವವರೆಗೂ ಹೋರಾಡುತ್ತೇನೆಂದು ಗೆಳೆಯರಿಗೆ ಅಡ್ಡ ನಿಲ್ಲುತ್ತದೆ. ಇಷ್ಟಾದ ಮೇಲೂ ಅದು ಮಾಂತ್ರಿಕನ ಬಳಿ ಧೈರ್ಯವನ್ನು ಬೇಡುವುದೇಕೆ ಎಂದು ಮಗಳು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ತಿಳಿದವರು ದಯವಿಟ್ಟು ಹೇಳಬೇಕು.

ಪ್ರತಿಕ್ರಿಯೆ 1:
ಸಿಂಹ ಬೇಡಿದ್ದು ಏನನ್ನು ಎಂಬುದನ್ನು ಗಮನಿಸಿ. ಅಪಾಯದ ಎದುರು ಹೆದರದ ಜೀವಿಯೇ ಇಲ್ಲ, ಹೆದರಿಕೆಯಿದ್ದೂ ಎದುರಿಸುವುದೇ ನಿಜವಾದ ಧೈರ್ಯ, ಅದು ನಿನ್ನಲ್ಲಿ ಬೇಕಾದಷ್ಟಿದೆ ಎಂದು ಮಾಂತ್ರಿಕ ಹೇಳುತ್ತಾನೆ. ಇರಬಹುದು, ಆದರೂ ನನಗೆ ಭಯವಾಗುತ್ತದಲ್ಲ, ಭಯವನ್ನು ಮರೆಸುವಂಥ ಧೈರ್ಯ ಕೊಡು ಎನ್ನುತ್ತದೆ ಸಿಂಹ. ನೋಡುವವರಿಗೆ ಕಾಣುವುದು ಅದರ ಜಿಗಿತ ಮಾತ್ರ. ಎದೆಯ ಡವಡವ ಕೇಳಿಸುವುದು ಅದಕ್ಕೊಬ್ಬನಿಗೇ. ತಮ್ಮ ಮಗಳಿಗೆ ಹೀಗೆ ಹೇಳಬಹುದು: ಅದು ಕೇಳಿದ್ದು ಶೌರ್ಯವನ್ನಲ್ಲ, ಆ ಸಂಕಟದಿಂದ ಬಿಡುಗಡೆಯನ್ನು.

ಪ್ರತಿಕ್ರಿಯೆ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಆ ಬಿಡುಗಡೆ ಸಿಂಹಕ್ಕೆ ಒಳಿತು ಮಾಡಿತೇ ಎಂಬ ಅನುಮಾನ ನನಗಿದೆ. ಮಾಂತ್ರಿಕನು ಹಸಿರು ಸೀಸೆಯಿಂದ ಬಟ್ಟಲಿಗೆ ಸುರಿದುಕೊಟ್ಟ ಪಾನೀಯವನ್ನು ಕುಡಿದ ಮೇಲೆ ಅದು ಮಾಡುವ ದೊಡ್ಡ ಸಾಹಸವೆಂದರೆ ಕಾಡಿನ ದೈತ್ಯ ಜೇಡನನ್ನು ಕೊಲ್ಲುವುದು. ಆ ಜೇಡ ಆಗ ನಿದ್ರಿಸುತ್ತಿತ್ತು. ಕೊಂದರೆ ತನ್ನನ್ನು ರಾಜನೆಂದು ಒಪ್ಪಬೇಕೆಂದು ಸಿಂಹ ಮೊದಲೇ ಮಾತು ಪಡೆದಿತ್ತು. ಎಚ್ಚರವಿದ್ದ ಕಲಿಡಾಗಳ ಎದುರು ನಡುಗುತ್ತಲೇ, ಯಾವ ಫಲವನ್ನೂ ಬಯಸದೆ ನಿಂತ ಪುಕ್ಕಲು ಸಿಂಹವೇ ನನಗೆ ಹೆಚ್ಚು ಆತ್ಮೀಯ. ಪಶ್ಚಿಮದ ಮಾಟಗಾತಿ ಉಪವಾಸ ಕೆಡವಿದರೂ ಅವಳ ಗಾಡಿಗೆ ಕೊರಳೊಡ್ಡದೆ ಉಳಿದದ್ದೂ ಆ ಸಿಂಹವೇ, ಪಾನೀಯ ಕುಡಿಯುವುದಕ್ಕೆ ಮೊದಲು.

ಪ್ರತಿಕ್ರಿಯೆ 3:
1939ರ ಚಲನಚಿತ್ರದಲ್ಲಿ ಪಾನೀಯದ ಬದಲು ಪದಕವನ್ನು ಕೊಡುತ್ತಾರೆ. ಆ ಬದಲಾವಣೆ ನನಗೆ ಹಿಡಿಸಲಿಲ್ಲ, ಏಕೆಂದರೆ ಪದಕವನ್ನು ಕಂಡು ಮೆಚ್ಚುವವರು ಹೊರಗಿನವರು. ಇರಲಿ, ತಮ್ಮ ಮಗಳಿಗೆ ಬಾಮ್ ಅವರದೇ ‘ಓಜ್ಮಾ ಆಫ್ ಓಜ್’ (1907) ಕೃತಿಯನ್ನೂ ಓದಿ ಹೇಳಿ. ಅಲ್ಲಿ ಡೊರೊಥಿ ಹಳೆಯ ಗೆಳೆಯನ ಕ್ಷೇಮ ವಿಚಾರಿಸಿದಾಗ, ಎಂದಿನಂತೆಯೇ ಪುಕ್ಕಲಾಗಿದ್ದೇನೆ, ಸಣ್ಣಪುಟ್ಟದ್ದಕ್ಕೂ ಎದೆ ಹೊಡೆದುಕೊಳ್ಳುತ್ತದೆ ಎಂದು ಸಿಂಹ ಮೆತ್ತಗೆ ಉತ್ತರಿಸುತ್ತದೆ. ಹಾಗೆ ಹೇಳಿಕೊಂಡೇ ಅದು ಓಜ್ ನಾಡನ್ನಾಳುವ ಓಜ್ಮಾಳ ರಥವನ್ನು ಎಳೆಯುತ್ತ ಹೊಸ ದಂಡಯಾತ್ರೆಗೆ ಹೊರಟಿರುತ್ತದೆ.