ಮಗಳಿಗೆ 15, ನಾವು ಹೊರದೇಶಕ್ಕೆ: ಶಾಲೆ ಏನು ಮಾಡೋದು?

ನಮ್ಮೆಜಮಾನರಿಗೆ ಮೂರು ವರ್ಷಕ್ಕೆ ಹೊರದೇಶದಲ್ಲಿ ಪೋಸ್ಟಿಂಗ್. ಮಗಳು ಐಜಿಸಿಎಸ್‌ಇ (ನಮ್ಮ ಹತ್ತನೇ ತರಗತಿ ಮಟ್ಟದ ಬ್ರಿಟಿಷ್ ಮಾದರಿ ಕೋರ್ಸು) ಮೊದಲ ವರ್ಷ ಮುಗಿಸುತ್ತಿದ್ದಾಳೆ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಪಾಠವೆಲ್ಲ ಅವರ ಭಾಷೆಯಲ್ಲೇ. ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಐಬಿ (ಪಿಯುಸಿ ಮಟ್ಟದ ಅಂತಾರಾಷ್ಟ್ರೀಯ ಡಿಪ್ಲೊಮಾ) ಇದೆ, ಫೀಸು ಕಂಪನಿಯದು. ಅತ್ತೆ 'ಸುಮ್ನೆ ಹಾಸ್ಟೆಲ್‌ಗೆ ಹಾಕಿ' ಅಂತಾರೆ. ಇವಳು ರೂಮಿನ ಬಾಗಿಲು ಹಾಕಿಕೊಂಡು ಕೂತಿದ್ದಾಳೆ!

ಉತ್ತರ 1: ಐಜಿಸಿಎಸ್‌ಇ ಸಾಮಾನ್ಯವಾಗಿ 2 ವರ್ಷದ್ದು, ನಡುವೆ ಕೀಳಬೇಡಿ ಮೇಡಂ. ಯಜಮಾನರು ಮೊದಲು ಹೋಗಲಿ. ನೀವಿಬ್ಬರೂ ಪರೀಕ್ಷೆ ಮುಗಿಸಿಕೊಂಡು ಹೊರಡಿ. ಐಬಿ ಡಿಪ್ಲೊಮಾನೂ 2 ವರ್ಷ, ಲೆಕ್ಕ ಸರಿಹೋಗುತ್ತೆ. ಆದರೆ 6 ವಿಷಯದ ಜೊತೆಗೆ 4,000 ಪದಗಳವರೆಗಿನ ಪ್ರಬಂಧ ಬೇರೆ ಇರುತ್ತೆ. ಬರೆಯೋದು ಅಂದ್ರೆ ಓಡಿಹೋಗುವ ಹುಡುಗಿಯಾದರೆ ಎ-ಲೆವೆಲ್ (ಪಿಯುಸಿ ಮಟ್ಟದ ಬ್ರಿಟಿಷ್ ಕೋರ್ಸು) ಇರುವ ಶಾಲೆ ಹುಡುಕಿ. ಅಲ್ಲಿ ಸಾಮಾನ್ಯವಾಗಿ ಮೂರೇ ವಿಷಯ.

ಉತ್ತರ 2: ನಡುವೆ ಕೆಲಸ ಹೋದರೆ ಫೀಸು ಯಾರು ಕಟ್ಟಬೇಕು? ಅದನ್ನ ಈಗಲೇ ಬರವಣಿಗೆಯಲ್ಲಿ ತಗೊಳ್ಳಿ. ಬಾಯಿಮಾತು ನಂಬಬೇಡಿ. ಕಾಲೇಜಿನ ಫೀಸೂ ನೋಡಿ. ಮುಂದೆ ಇಂಗ್ಲೆಂಡಿಗೆ ಓದೋಕೆ ಕಳಿಸೋದಾದರೆ, ಅಲ್ಲಿ ಸ್ಥಳೀಯರ ಫೀಸು ಸಿಗೋಕೆ ಸಾಮಾನ್ಯವಾಗಿ ಹಿಂದಿನ 3 ವರ್ಷ ಅಲ್ಲೇ ವಾಸ ಇರಬೇಕು, ವೀಸಾದ ಶರತ್ತು ಬೇರೆ.

ಪ್ರಶ್ನೆ ಕೇಳಿದವರು: ಒಂದು ವರ್ಷ ತಡವಾಗಿ ಹೋಗೋಣ ಅಂದೆ, ಬಾಗಿಲು ಅರ್ಧ ತೆರೀತು. ಪ್ರಬಂಧ ಬರೀಬೇಕು ಅನ್ನೋದನ್ನ ಅವಳಿಗೆ ಇನ್ನೂ ಹೇಳಿಲ್ಲ.