ಹೆಸರು ಮಾತ್ರ ಬದಲಾಯಿಸಿ

ಭಾನುವಾರ ನಮ್ಮ ಮನೆಯವರ 'ತೋಟದ ಮನೆ' ವಾಟ್ಸಾಪ್ ಗುಂಪಿನಲ್ಲಿ ಪುಟ್ಟಿಯ ಕೆಲಸದ ಅರ್ಜಿಯ ಬಗ್ಗೆ ನಡೆದ ಜಗಳ ಇದು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಪುಟ್ಟಿ ನಮ್ಮಣ್ಣನ ಮಗಳು, ಒಂಬತ್ತನೇ ಕ್ಲಾಸು, ಓದುವುದು ಬೇರೆ ಶಾಲೆಯಲ್ಲಿ. ಅವಳನ್ನು ಕೇಳಿಯೇ ಹಾಕುತ್ತಿದ್ದೇನೆ. ನನ್ನ ಫೋನಿನಲ್ಲಿ ಯಾರ್ಯಾರು ಹೇಗೆ ಸೇವ್ ಆಗಿದ್ದಾರೋ ಹೆಸರುಗಳೂ ಹಾಗೇ. ಶುಭೋದಯದ ಹೂವುಗಳನ್ನು ಮಾತ್ರ ತೆಗೆದಿದ್ದೇನೆ.

ಭಾವ: [ಪಿಡಿಎಫ್, 2 ಪುಟ]

ಭಾವ: ನಮ್ಮ ಅಂಗಡಿಗೆ ದೊಡ್ಡ ಆಫೀಸರೊಬ್ಬರು ಅರ್ಜಿ ಹಾಕಿದ್ದಾರೆ, ಎಲ್ರೂ ನೋಡಿ. 'ಡೈನಾಮಿಕ್, ರಿಸಲ್ಟ್ ಓರಿಯೆಂಟೆಡ್ ಪ್ರೊಫೆಷನಲ್' ಅಂತೆ 😂

ದೊಡ್ಡಪ್ಪ: ಯಾರದ್ದು?

ಭಾವ: ಪುಟ್ಟಿದು. ಬೇಸಿಗೆ ರಜಕ್ಕೆ ಕೆಲಸ ಬೇಕಂತೆ. ಕವರ್ ಲೆಟರ್ ಬೇರೆ ಇದೆ. 'ನಿಮ್ಮ ಪ್ರತಿಷ್ಠಿತ ಸಂಸ್ಥೆಯ ಬೆಳವಣಿಗೆಗೆ ಶ್ರಮಿಸಲು ಉತ್ಸುಕಳಾಗಿದ್ದೇನೆ' ಅಂತ ಇಂಗ್ಲಿಷಲ್ಲಿ. ನನ್ನ ಪ್ರತಿಷ್ಠಿತ ಸಂಸ್ಥೆ ಹತ್ತಡಿಗೆ ಹನ್ನೆರಡಡಿ, ಎರಡು ಜೆರಾಕ್ಸ್ ಮೆಷಿನ್ನು, ಅದರಲ್ಲಿ ಒಂದು ಕೆಟ್ಟಿದೆ.

ಅಕ್ಕ: ರೀ, ಮಗು ನಿಮಗೆ ಅಂತ ಕಳಿಸಿದ್ದನ್ನ ಗುಂಪಲ್ಲಿ ಯಾಕೆ ಹಾಕಿದ್ರಿ?

ಅತ್ತಿಗೆ: ಅದು ಶಾಲೇಲಿ ಕೊಟ್ಟ ಪ್ರಾಜೆಕ್ಟು. ನಿಜವಾಗ್ಲೂ ಇರೋ ಅಂಗಡಿಗೋ ಆಫೀಸಿಗೋ ಬರೀರಿ ಅಂದಿದ್ರಂತೆ. ಮಾವ ನಮ್ಮೋರೇ ಅಲ್ವಾ ಅಂತ ಅವರಿಗೆ ಬರೆದಳು. ನಗೋಕೇನಿದೆ ಇದರಲ್ಲಿ?

ಪುಟ್ಟಿ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಪ್ಪ: ತಪ್ಪು ಹುಡುಗಿಯದಲ್ಲ, ಕಲಿಸಿದವರದು. ಹದಿನೈದು ವರ್ಷಕ್ಕೆ ಇದೆಲ್ಲ ಯಾಕೆ? ನಾನು ಡಿಗ್ರಿ ಮುಗಿಸಿ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿದೆ. ಮೂರು ವರ್ಷಕ್ಕೊಂದು ಸಲ ರಿನ್ಯೂವಲ್. ಎರಡು ಸಲ ರಿನ್ಯೂ ಮಾಡಿಸಿದ ಮೇಲೆ ಇಂಟರ್ವ್ಯೂ ಕಾರ್ಡ್ ಬಂತು. ಸರ್ಟಿಫಿಕೇಟ್ ತೋರಿಸಿದೆ, ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಮೂವತ್ನಾಲ್ಕು ವರ್ಷ ಸರ್ವಿಸ್ ಮಾಡಿದೆ. ನನ್ನನ್ನು ನಾನೇ ಹೊಗಳಿಕೊಂಡು ಒಂದಕ್ಷರ ಬರೆದವನಲ್ಲ. ತನ್ನ ಬಣ್ಣಿಸಬೇಡ ಅಂತ ಹೇಳಿಕೊಟ್ಟ ನಾಡು ಇದು. ಈಗ ಬಣ್ಣಿಸಿಕೊಂಡ್ರೆ ಮಾರ್ಕ್ಸ್ ಕೊಡ್ತಾರೆ.

ತಮ್ಮ: ದೊಡ್ಡಪ್ಪ, ಆ ಕಾರ್ಡ್ ಈಗ ಯಾರಿಗೂ ಬರಲ್ಲ. ನಮ್ಮ ಕಂಪನೀಲಿ ಒಂದು ಪೋಸ್ಟ್ ಹಾಕಿದ್ರೆ ಸಂಜೆ ಹೊತ್ತಿಗೆ ನೂರಾರು ರೆಸ್ಯೂಮ್ ಬಿದ್ದಿರುತ್ತೆ. ಮೊದಲು ಜರಡಿ ಹಿಡಿಯೋದೇ ಸಾಫ್ಟ್‌ವೇರು. ಆಮೇಲೆ ನಾವು. ನಾನು ಒಂದರ ಮೇಲೆ ಅರ್ಧ ನಿಮಿಷ ನಿಂತ್ರೆ ಹೆಚ್ಚು.

ತಮ್ಮ: ಪುಟ್ಟಿ, ಈ ಎರಡು ಕಾಲಮ್ಮಿನ ಡಿಸೈನ್ ತೆಗಿ. ಕೆಲವು ಸಾಫ್ಟ್‌ವೇರಿಗೆ ಇದನ್ನ ಓದೋಕೇ ಬರಲ್ಲ, ಎಡಗಡೆ ಬಲಗಡೆ ಸೇರಿಸಿ ಕಲಸುಮೇಲೋಗರ ಮಾಡುತ್ತೆ. ಆಮೇಲೆ ಕಮ್ಯುನಿಕೇಶನ್‌ಗೆ ಐದಕ್ಕೆ ನಾಲ್ಕು ಸ್ಟಾರ್ ಅಂತ ಇದೆಯಲ್ಲ, ಆ ಸ್ಟಾರ್ ಕೊಟ್ಟೋರು ಯಾರು?

ಪುಟ್ಟಿ: ಟೆಂಪ್ಲೇಟಲ್ಲೇ ಇತ್ತು ಚಿಕ್ಕಪ್ಪ

ಅಕ್ಕ: ಟೆಂಪ್ಲೇಟ್ ಮಾತು ಬಂತಲ್ಲ, ಈಗ ನಗ್ತಿರೋರು ತಮ್ಮ ಫೈಲ್ ಕಥೆ ಹೇಳಲಿ. ರೀ, ಹೇಳಿ.

ಭಾವ: ಯಾವ ಫೈಲು

ಅಕ್ಕ: ನೀವು ಹೇಳ್ತೀರೋ ನಾನು ಹೇಳ್ಲೋ

ಭಾವ: ಸರಿ ಮಾರಾಯ್ತಿ. ಅಂಗಡಿ ಕಂಪ್ಯೂಟರಲ್ಲಿ 'ಬಯೋಡೇಟಾ ಹೊಸದು' ಅಂತ ಒಂದು ಫೈಲಿದೆ. ಹೊಸದು ಅಂದ್ರೆ ಎಂಟೊಂಬತ್ತು ವರ್ಷದ್ದು. ಯಾರೇ ಬಂದ್ರೂ ಅದನ್ನೇ ತೆಗೆಯೋದು, ಹೆಸರು, ತಂದೆ ಹೆಸರು, ವಿಳಾಸ, ಮಾರ್ಕ್ಸ್ ಬದಲಾಯಿಸೋದು, 50 ರೂಪಾಯಿ ತಗೊಳ್ಳೋದು. ಹವ್ಯಾಸ ಎಲ್ಲರಿಗೂ ಒಂದೇ: ಕ್ರಿಕೆಟ್ ಆಡುವುದು, ಹಾಡು ಕೇಳುವುದು. ಕೊನೇಲಿ 'ಮೇಲ್ಕಂಡ ವಿವರಗಳೆಲ್ಲ ಸತ್ಯ' ಅನ್ನೋ ಡಿಕ್ಲರೇಶನ್ನೂ ಅದರಲ್ಲೇ ಇದೆ.

ಅಕ್ಕ: ಅಂಗನವಾಡಿ ಕೆಲಸಕ್ಕೆ ಅಂತ ಬಂದ ಹೆಂಗಸಿಗೂ ಕ್ರಿಕೆಟ್ ಆಡಿಸಿ ಕಳಿಸಿದ್ರು.

ಭಾವ: ಅದು ಒಂದ್ಸಲ. ಇನ್ನೊಂದ್ಸಲ ತಂದೆ ಹೆಸರು ಬದಲಾಯಿಸೋದು ಮರೆತು, ಹುಡುಗ ವಾಪಸ್ ಬಂದು ಜಗಳ ಆಡಿದ.

ನಾನು: ಭಾವ, ನೀವು ಮಾಡ್ತಿರೋದನ್ನೇ ಟೆಂಪ್ಲೇಟ್ ಪುಟ್ಟಿಗೆ ಪುಕ್ಕಟೆ ಮಾಡಿಕೊಟ್ಟಿದೆ, ಅಷ್ಟೇ ವ್ಯತ್ಯಾಸ. ನಗೋದಾದ್ರೆ ನನ್ನನ್ನೂ ಸೇರಿಸಿ ನಗಿ. ನಾವು ಪತ್ರಲೇಖನ ಹೇಗೆ ಕಲಿಸ್ತೀವಿ? 'ನಿಮ್ಮನ್ನು ಇಂಥಾ ಊರಿನ ಇಂಥಾ ಶಾಲೆಯ ರಮ್ಯಾ ಎಂದು ಭಾವಿಸಿಕೊಂಡು ಪತ್ರ ಬರೆಯಿರಿ.' ಇಂದ, ಗೆ, ಮಾನ್ಯರೇ, ವಿಷಯ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಇಂತಿ ತಮ್ಮ ವಿಶ್ವಾಸಿ. ಚೌಕಟ್ಟಿಗಿಷ್ಟು ಅಂಕ, ಒಡಲಿಗಿಷ್ಟು ಅಂಕ. ವರ್ಷಗಟ್ಟಲೆ ಇನ್ನೊಬ್ಬರು ಅಂತ ಭಾವಿಸಿಕೊಂಡೇ ಬರೆದ ಮಕ್ಕಳಿಗೆ ಒಂದು ದಿನ ಇದ್ದಕ್ಕಿದ್ದಂತೆ 'ನಿನ್ನ ಬಗ್ಗೆ ಬರಿ' ಅಂದ್ರೆ ಏನು ಮಾಡ್ತಾರೆ? ಪ್ರೊಫೆಷನಲ್ ಅಂತ ಭಾವಿಸಿಕೊಳ್ತಾರೆ.

ದೊಡ್ಡಪ್ಪ: ಅದನ್ನೇ ಹೇಳಿದೆ ನಾನೂ. ಸುಳ್ಳು ಹೇಳೋದು ಕಲಿಸ್ತಿದ್ದೀರಿ.

ನಾನು: ಇಲ್ಲ ದೊಡ್ಡಪ್ಪ. ಇದ್ದದ್ದನ್ನು ಮುಚ್ಚಿಡೋದನ್ನ ಕಲಿಸ್ತಿದ್ದೀವಿ. ನನಗೆ ಅದೇ ದೊಡ್ಡ ತಪ್ಪು ಅನ್ನಿಸೋದು.

ಟೊರಾಂಟೊ ಚಿಕ್ಕಪ್ಪ: ಈಗ ನೋಡಿದೆ, ಇಲ್ಲಿ ಮಧ್ಯರಾತ್ರಿ. ಇಲ್ಲಿ ಒಂಟಾರಿಯೊದಲ್ಲಿ ಹತ್ತನೇ ಕ್ಲಾಸಲ್ಲಿ ಕೆರಿಯರ್ ಸ್ಟಡೀಸ್ ಅಂತ ಅರ್ಧ ಕ್ರೆಡಿಟ್ಟಿನ ವಿಷಯವೇ ಇದೆ, ಕಡ್ಡಾಯ. ರೆಸ್ಯೂಮ್ ಅದರಲ್ಲೇ ಬರುತ್ತೆ. ಜೊತೆಗೆ ಡಿಪ್ಲೊಮಾ ಕೈಗೆ ಸಿಗಬೇಕಾದ್ರೆ 40 ಗಂಟೆ ಸಮಾಜಸೇವೆ ಮಾಡಿರಬೇಕು. ನನ್ನ ಮಗಳು ಲೈಬ್ರರೀಲಿ ಪುಸ್ತಕ ಜೋಡಿಸಿ ಅದನ್ನೇ ರೆಸ್ಯೂಮಲ್ಲಿ ಮೊದಲು ಹಾಕಿದ್ದಳು. ಪುಟ್ಟಿದು ತೆರೆದು ನೋಡಿದೆ. ಫೋಟೋ, ಹುಟ್ಟಿದ ದಿನ, ತಂದೆ ಹೆಸರು, ಧರ್ಮ, ಜಾತಿ ಎಲ್ಲ ಇದೆ. ಇಲ್ಲಿ ಯಾರೂ ಅವನ್ನು ಹಾಕಲ್ಲ.

ದೊಡ್ಡಪ್ಪ: ತಂದೆ ಹೆಸರೂ ಬೇಡ ಅಂದ್ರೆ ಯಾರ ಮನೆ ಹುಡುಗಿ ಅಂತ ಗೊತ್ತಾಗೋದು ಹೇಗೆ?

ತಮ್ಮ: ಗೊತ್ತಾಗಬಾರದು ಅಂತಾನೇ ದೊಡ್ಡಪ್ಪ.

ನಾನು: ನಾನು ಕ್ಲಾಸಲ್ಲಿ ಇದೊಂದನ್ನು ಹೇಳ್ತೀನಿ. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅನ್ನೋ ಸಂಶೋಧಕರು ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪೇಪರಿನಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತಿಗೆ ಅರ್ಜಿ ಕಳಿಸಿದ್ದರು. ಓದು, ಅನುಭವ ಎಲ್ಲ ಸಮಸಮ. ಬೇರೆ ಇದ್ದದ್ದು ಹೆಸರು ಮಾತ್ರ. ಒಂದರಲ್ಲಿ ಮೇಲ್ಜಾತಿ ಹಿಂದೂ ಹೆಸರು, ಒಂದರಲ್ಲಿ ದಲಿತ ಹೆಸರು, ಒಂದರಲ್ಲಿ ಮುಸ್ಲಿಂ ಹೆಸರು. ಮೇಲ್ಜಾತಿ ಹೆಸರಿನ ಪಕ್ಕ ಇಟ್ಟು ನೋಡಿದ್ರೆ ದಲಿತ ಹೆಸರಿಗೆ ಕರೆ ಬರೋ ಸಾಧ್ಯತೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಹೆಸರು ಮಾತ್ರ ಬದಲಾಯಿಸಿದ್ದಕ್ಕೆ, ಭಾವ.

(ಇಲ್ಲಿ ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ. ಎಲ್ಲರ ನೀಲಿ ಟಿಕ್ಕೂ ಬಂದಿತ್ತು.)

ಭಾವ: ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ಡಿಪ್ಲೊಮಾ, ಒಳ್ಳೇ ಮಾರ್ಕ್ಸ್. ಎಲ್ಲ ಟೈಪ್ ಮಾಡಿ ತೋರಿಸಿದ ಮೇಲೆ, ಅಣ್ಣ, ವಿಳಾಸದಲ್ಲಿ ಕಾಲೋನಿ ಹೆಸರು ತೆಗೆದುಬಿಡಿ, ಬರೀ ಅಂಚೆ, ತಾಲ್ಲೂಕು ಇರಲಿ ಅಂದ. ಕಾಗದ ಬರೋದು ಹೇಗಪ್ಪಾ ಅಂತ ನಾನು ತಮಾಷೆ ಮಾಡಿದ್ದೆ. ಈಗ ಹೊಳೀತು.

ಅಕ್ಕ: 🙏

ಭಾವ: ಆದ್ರೂ ಪುಟ್ಟಿ ವಿಷಯಕ್ಕೆ ಬರ್ತೀನಿ. ಇದ್ದದ್ದನ್ನೇ ಬರೀಬೇಕು ಅಂತೀಯಲ್ಲಮ್ಮ, ಅವಳ ಹತ್ರ ಏನಿದೆ ಬರೆಯೋಕೆ? ಕೆಲಸ ಮಾಡಿದ್ದಾಳಾ, ಕೋರ್ಸ್ ಮಾಡಿದ್ದಾಳಾ?

ಪುಟ್ಟಿ: ಅದೇ ಅತ್ತೆ. ನನ್ನ ಹತ್ರ ಏನೂ ಇಲ್ಲ. ಅದಕ್ಕೇ ಅದನ್ನೆಲ್ಲ ಕಾಪಿ ಮಾಡಿದ್ದು.

ನಾನು: ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀಯ?

ಪುಟ್ಟಿ: ಐದೂವರೆ. ಡೇರಿಗೆ ಹಾಲು ಹಾಕೋಕೆ ಹೋಗ್ಬೇಕಲ್ಲ. ಅದು ರೆಸ್ಯೂಮಿಗೆ ಬರಲ್ಲ ಅತ್ತೆ, ಫ್ರೆಂಡ್ಸ್ ನಗ್ತಾರೆ.

ಅಮ್ಮ: [ಧ್ವನಿ ಸಂದೇಶ, 1:48]

(ಅಮ್ಮನಿಗೆ ಟೈಪ್ ಮಾಡೋಕೆ ಬರಲ್ಲ. ಹೇಳಿದ್ದು ಇಷ್ಟು: ಎರಡು ವರ್ಷದಿಂದ ಹಾಲಿನ ಲೆಕ್ಕವೆಲ್ಲ ಪುಟ್ಟಿಯದೇ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಅಂದ್ರೆ ಕೊಬ್ಬು ಬಿಟ್ಟು ಉಳಿದ ಘನಾಂಶ ಎಷ್ಟು ಅಂತ ಮೆಷಿನ್ ಚೀಟಿ ಕೊಡುತ್ತಲ್ಲ, ಅದನ್ನು ಡೈರಿಗೆ ಅಂಟಿಸಿ ಇಡ್ತಾಳೆ. ಹೋದ ದೀಪಾವಳಿ ಹೊತ್ತಿನ ಬಟವಾಡೆಯಲ್ಲಿ ಎರಡು ಹೊತ್ತಿನ ಹಾಲು, ಹನ್ನೊಂದು ಲೀಟರ್, ಲೆಕ್ಕಕ್ಕೇ ಸೇರಿರಲಿಲ್ಲ. ಚೀಟಿ ಹಿಡ್ಕೊಂಡು ಒಬ್ಬಳೇ ಹೋಗಿ ಸರಿಮಾಡಿಸಿಕೊಂಡು ಬಂದಳು. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಎಷ್ಟು ತಿಂಗಳಿಂದ ಬಂದಿಲ್ಲ ಅಂತಲೂ ಪಾಸ್‌ಬುಕ್ ನೋಡಿ ಅವಳೇ ಹೇಳೋದು. ಅದರ ಮಧ್ಯೆ ಹಿಂಡಿ ರೇಟಿನ ಬಗ್ಗೆಯೂ ಅರ್ಧ ನಿಮಿಷ ಬೈದಿದ್ದಾಳೆ, ಅದು ಇಲ್ಲಿ ಬೇಡ.)

ನಾನು: ಭಾವ, ಬೇಸಿಗೇಲಿ ಅಂಗಡಿಗೆ ಜನ ಬೇಕು ಅಂತಿದ್ರಲ್ಲ, ನಿಮಗೆ ತಲೆನೋವು ಯಾವುದು?

ಭಾವ: ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಕಾಲಿಡೋಕೆ ಜಾಗ ಇರಲ್ಲ. ಜೆರಾಕ್ಸ್ ಮಾಡೋಕೆ ಹುಡುಗ ಇದ್ದಾನೆ. ಒಬ್ಬರ ಒರಿಜಿನಲ್ ಆಧಾರ್, ಮಾರ್ಕ್ಸ್ ಕಾರ್ಡ್ ಇನ್ನೊಬ್ಬರ ಕೈಗೆ ಹೋಗದ ಹಾಗೆ ನೋಡ್ಕೊಳ್ಳೋರಿಲ್ಲ. ರಾತ್ರಿ ಗಲ್ಲಾ ಲೆಕ್ಕ ಕೂಡಲ್ಲ. ದಿನಾ ನೂರೋ ಇನ್ನೂರೋ ಎಲ್ಲೋ ಹೋಗಿರುತ್ತೆ.

ನಾನು: ಚೀಟಿ ಕಳೆಯದೆ ಇಡೋದು, ಲೆಕ್ಕ ಕೂಡಿಸೋದು, ತಪ್ಪಿದ್ರೆ ದೊಡ್ಡವರ ಮುಂದೆ ನಿಂತು ಕೇಳೋದು. ನಿಮಗೆ ಬೇಕಾದ್ದು ಅವಳ ಡೈರೀಲಿದೆ, ಅವಳು ಕಳಿಸಿದ ಎರಡು ಪುಟದಲ್ಲಿ ಇಲ್ಲ. ದೊಡ್ಡಪ್ಪ, ಬಣ್ಣಿಸೋದು ಬೇರೆ, ಲೆಕ್ಕ ಒಪ್ಪಿಸೋದು ಬೇರೆ. ಕವರ್ ಲೆಟರ್ ಅಂದ್ರೆ ಲೆಕ್ಕ ಒಪ್ಪಿಸೋದು, ಅದೂ ಎದುರಿನವರು ಯಾವ ಲೆಕ್ಕ ಕೇಳ್ತಿದ್ದಾರೆ ಅಂತ ತಿಳ್ಕೊಂಡು.

ತಮ್ಮ: ಚಿಕ್ಕಕ್ಕ, ಚೆನ್ನಾಗಿದೆ, ಆದ್ರೆ ನಿಜ ಹೇಳ್ತೀನಿ. ಫ್ರೆಶರ್ಸ್ ತಗೊಳ್ಳುವಾಗ ನಮ್ಮಲ್ಲಿ ಮೊದಲು ನೋಡೋದು ಡಿಗ್ರಿ, ಪರ್ಸೆಂಟೇಜು, ಬ್ಯಾಕ್‌ಲಾಗ್. ಹಾಲಿನ ಚೀಟಿ ತನಕ ಯಾರೂ ಬರಲ್ಲ.

ನಾನು: ಒಪ್ಪಿದೆ ಕಣೋ. ನಿಮ್ಮ ಜರಡಿ ನನ್ನ ಕೈಲಿಲ್ಲ.

ತಮ್ಮ: ಇಂಟರ್ವ್ಯೂ ತನಕ ಬಂದ್ರೆ ಮಾತ್ರ ಇಂಥದ್ದೇ ನೆನಪಲ್ಲಿ ಉಳಿಯೋದು, ಅದೂ ನಿಜ. 'ಟೀಮ್ ಪ್ಲೇಯರ್' ಅಂತ ಬರೆದ ಒಬ್ಬರೂ ನನಗೆ ನೆನಪಿಲ್ಲ.

ದೊಡ್ಡಪ್ಪ: ಅಂಗಡೀಲಿ ಕೂರಿಸೋದು ಕಾನೂನಿಗೆ ಸರಿಯಾ? ಬಾಲಕಾರ್ಮಿಕ ಅಂತ ಬಂದು ಕೂತಾರು.

ತಮ್ಮ: 2016ರ ತಿದ್ದುಪಡಿ ಪ್ರಕಾರ 14ರಿಂದ 18ರವರನ್ನು ಗಣಿ, ಸ್ಫೋಟಕ ಅಂಥ ಅಪಾಯದ ಕೆಲಸಕ್ಕೆ ಹಾಕೋ ಹಾಗಿಲ್ಲ. ಜೆರಾಕ್ಸ್ ಅಂಗಡಿ ಅದರಲ್ಲಿ ಬರಲ್ಲ ದೊಡ್ಡಪ್ಪ. ರಾತ್ರಿ ಹೊತ್ತು ಬೇಡ, ದಿನಕ್ಕೆ ಆರು ಗಂಟೆ ದಾಟೋದೂ ಬೇಡ.

(ಸಂಜೆ ಏಳಕ್ಕೆ)

ಪುಟ್ಟಿ: ಮಾವ, ಇದು ಹೊಸದು. ಟೆಂಪ್ಲೇಟ್ ಇಲ್ಲ.

'ಮಾವ ಅವರಿಗೆ ನಮಸ್ಕಾರಗಳು. ರಿಸಲ್ಟ್ ಸಮಯದಲ್ಲಿ ನಿಮ್ಮ ಅಂಗಡಿಯಲ್ಲಿ ದಾಖಲೆಗಳು ಅದಲುಬದಲಾಗುತ್ತವೆ, ಗಲ್ಲಾ ಲೆಕ್ಕ ಕೂಡುವುದಿಲ್ಲ ಎಂದು ತಿಳಿಯಿತು. ನಾನು ಎರಡು ವರ್ಷದಿಂದ ನಮ್ಮ ಮನೆಯ ಹಾಲಿನ ಲೆಕ್ಕ ಬರೆಯುತ್ತಿದ್ದೇನೆ. ದಿನಕ್ಕೆ ಎರಡು ಚೀಟಿ. ಒಟ್ಟು ಮೂರು ಚೀಟಿ ಮಾತ್ರ ಕಳೆದಿವೆ, ಅವು ಮಳೆಯಲ್ಲಿ ನೆನೆದದ್ದು. ಬಟವಾಡೆಯಲ್ಲಿ ಬಿಟ್ಟುಹೋಗಿದ್ದ 11 ಲೀಟರಿನ ಹಣವನ್ನು ಚೀಟಿ ತೋರಿಸಿ ಸೇರಿಸಿಸಿದ್ದೇನೆ. ಟೈಪಿಂಗ್ ನಿಧಾನ, ಕಲಿಯುತ್ತೇನೆ. ಡೈರಿಯನ್ನು ನೋಡಬೇಕೆಂದರೆ ತರುತ್ತೇನೆ.'

ತಮ್ಮ: ಕಳೆದ ಮೂರು ಚೀಟಿ ಲೆಕ್ಕಾನೂ ಕೊಟ್ಟಿದ್ದಾಳಲ್ಲ!

ದೊಡ್ಡಪ್ಪ: 'ಸೇರಿಸಿಸಿದ್ದೇನೆ' ಓದೋಕೆ ತೊಡಕು. 'ಲೆಕ್ಕಕ್ಕೆ ಸೇರಿಸಿಕೊಂಡು ಬಂದಿದ್ದೇನೆ' ಅಂತ ಮಾಡು. ಉಳಿದದ್ದು ಇರಲಿ.

ಭಾವ: ಡೈರಿ ತಗೊಂಡು ಬಾರಮ್ಮ. ಬೆಳಿಗ್ಗೆ ಹನ್ನೊಂದಕ್ಕೆ ಬಂದು ಐದಕ್ಕೆ ಹೊರಡು. ಮೊದಲ ಕೆಲಸ ಆ 'ಬಯೋಡೇಟಾ ಹೊಸದು' ಫೈಲಿಂದ ಕ್ರಿಕೆಟ್ ತೆಗೆಯೋದು.

ಪುಟ್ಟಿ: ಜಾತಿ, ಧರ್ಮದ ಸಾಲೂ ತೆಗೀಲಾ ಮಾವ?

ಭಾವ: ಅವರನ್ನೇ ಕೇಳು. ಹಾಕಿ ಅಂದ್ರೆ ಮಾತ್ರ ಹಾಕು.

ಪುಟ್ಟಿ: ಸರಿ. ಸಂಬಳ ಎಷ್ಟು ಮಾವ?

ದೊಡ್ಡಪ್ಪ: ಅದನ್ನ ಮೊದಲೇ ಕೇಳಬಾರದು ಮಗು

ಅಮ್ಮ: [ಧ್ವನಿ ಸಂದೇಶ, 0:09]

(ದೊಡ್ಡಪ್ಪನಿಗೆ ಹೇಳಿದ್ದು: ಕೇಳ್ಲಿ ಬಿಡಿ ಭಾವ. ಅದಿರಲಿ, ಅವಳು ಐದಕ್ಕೆ ಅಂಗಡಿ ಬಿಟ್ರೆ ಸಂಜೆ ಹಾಲು ಡೇರಿಗೆ ಯಾರು ಹಾಕ್ತೀರಿ?)