ಅಮೆರಿಕದ ಅಕ್ಕ ಹೇಳಿದ ಚಿಕನ್ ಬೇಬಿ ಫುಡ್ ನಮ್ಮ ಬೆಕ್ಕಿಗೆ ಕೊಡಬಹುದಾ ಡಾಕ್ಟ್ರೇ?

ಪ್ರಶ್ನೆ (ದಾವಣಗೆರೆ, ನಿಟ್ಟುವಳ್ಳಿ):
ನಮಸ್ಕಾರ ಡಾಕ್ಟ್ರೇ. ನಮ್ಮ ಬೆಕ್ಕಿನ ಹೆಸರು ಬೆಣ್ಣೆ, ದಾವಣಗೆರೆಯಲ್ಲಿದ್ದು ಬೇರೆ ಹೆಸರಿಡೋಕೆ ಮನಸ್ಸಾಗಲಿಲ್ಲ. ಹೆಣ್ಣು, ಆರು ವರ್ಷ, ನಾಲ್ಕು ಕೆಜಿ ಇದ್ದಾಳೆ. ನಿನ್ನೆ ಬೆಳಿಗ್ಗೆಯಿಂದ ಸೀನು, ಮೂಗು ಕಟ್ಟಿದೆ, ತಟ್ಟೆ ಹತ್ರ ಬಂದು ಮೂಸಿ ಹಾಗೇ ಹೋಗ್ತಾಳೆ. ಟೆಕ್ಸಾಸ್‌ನಲ್ಲಿರೋ ನಮ್ಮ ಅಕ್ಕ ಹೇಳಿದ್ದು, ಅಲ್ಲಿ ಬೆಕ್ಕು ತಿನ್ನದಿದ್ರೆ ಗರ್ಬರ್ ಕಂಪನಿಯ ಚಿಕನ್ ಬೇಬಿ ಫುಡ್ ಕೊಡ್ತಾರಂತೆ. ಇಲ್ಲಿ ಮೆಡಿಕಲ್ ಸ್ಟೋರಲ್ಲಿ ಬೇಬಿ ಫುಡ್ ಕೇಳಿದ್ರೆ ಸೆರೆಲ್ಯಾಕ್ ಕೊಟ್ಟು ಕಳಿಸಿದ್ರು. ಅದನ್ನೇ ಕಲಸಿ ಕೊಡಲಾ?

ಡಾಕ್ಟರ್:
ಸೆರೆಲ್ಯಾಕ್ ಬೇಡ ಮೇಡಂ. ಅದು ಗೋಧಿ, ಹಾಲಿನ ಪುಡಿ, ಕೆಲವದರಲ್ಲಿ ಸಕ್ಕರೆಯೂ ಸೇರಿದ ಹಿಟ್ಟು. ಬೆಕ್ಕಿಗೆ ಸಿಹಿ ರುಚಿಯೇ ಗೊತ್ತಾಗಲ್ಲ, ಅದರ ನಾಲಿಗೆಯಲ್ಲಿ ಸಿಹಿ ಹಿಡಿಯುವ ಜೀನ್ ಕೆಟ್ಟಿದೆ ಅಂತ 2005ರಲ್ಲೇ ಕಂಡುಹಿಡಿದಿದ್ದಾರೆ. ಮೇಲಾಗಿ ದೊಡ್ಡ ಬೆಕ್ಕುಗಳಿಗೆ ಹಾಲು ಸರಿಯಾಗಿ ಅರಗಲ್ಲ, ಭೇದಿ ಆಗಬಹುದು.

ನಿಮ್ಮ ಅಕ್ಕ ಹೇಳಿದ್ದು ಬೇರೆ ವಸ್ತು. ಅಮೆರಿಕದಲ್ಲಿ ಮಗುವಿಗೆಂದೇ ಬರೀ ಮಾಂಸ ನುಣ್ಣಗೆ ರುಬ್ಬಿ ಪುಟ್ಟ ಡಬ್ಬಿಯಲ್ಲಿ ಮಾರ್ತಾರೆ. ಒಳಗೆ ಕೋಳಿ, ನೀರು, ಕೆಲವದರಲ್ಲಿ ಸ್ವಲ್ಪ ಕಾರ್ನ್‌ಫ್ಲೋರ್, ಅಷ್ಟೇ. ಮೆತ್ತಗಿರುತ್ತೆ, ವಾಸನೆ ಚೆನ್ನಾಗಿರುತ್ತೆ, ಬಾಯಿ ಹುಣ್ಣಾದ ಬೆಕ್ಕೂ ನೆಕ್ಕುತ್ತೆ. ಅಲ್ಲಿಯೂ ಡಬ್ಬಿ ಮೇಲಿನ ಪಟ್ಟಿ ಓದದೆ ಕೊಡಬಾರದು. ತರಕಾರಿ ಊಟ, ಸೂಪ್ ಥರದ ಡಬ್ಬಿಗಳಲ್ಲಿ ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ ಸೇರಿರಬಹುದು. ಬೆಕ್ಕಿನ ಕೆಂಪು ರಕ್ತಕಣಗಳನ್ನು ಈರುಳ್ಳಿ ಒಡೆದುಹಾಕುತ್ತೆ. ಹಸಿ, ಬೆಂದ, ಪುಡಿ ಯಾವುದಾದ್ರೂ ಅಷ್ಟೇ, ಪುಡಿಯಂತೂ ಇನ್ನೂ ಜೋರು. ತಿಂದ ದಿನ ಏನೂ ಕಾಣಲ್ಲ, ಮೂರ್ನಾಲ್ಕು ದಿನದ ಮೇಲೆ ವಸಡು ಬಿಳುಚಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದಾಗ ಓಡಿ ಬರ್ತಾರೆ.

ಇಲ್ಲಿ ಆ ಡಬ್ಬಿ ಹುಡುಕಿಕೊಂಡು ಊರೆಲ್ಲ ಸುತ್ತಬೇಡಿ. ಕಾಲು ಕೆಜಿ ಬೋನ್‌ಲೆಸ್ ಕೋಳಿ ತನ್ನಿ, ಚರ್ಮ ಬೇಡ. ಉಪ್ಪು, ಅರಿಶಿನ, ಒಗ್ಗರಣೆ ಏನೂ ಹಾಕದೆ ಬರೀ ನೀರಲ್ಲಿ ಬೇಯಿಸಿ. ಬೆಂದ ನೀರು ಚೆಲ್ಲಬೇಡಿ, ಅದನ್ನೇ ಹಾಕಿಕೊಂಡು ಮಿಕ್ಸಿಯಲ್ಲಿ ಇಡ್ಲಿ ಹಿಟ್ಟಿನ ಹದಕ್ಕೆ ರುಬ್ಬಿ. (ಜಾರ್ ಚೆನ್ನಾಗಿ ತೊಳೆದಿರಲಿ, ನಿನ್ನೆಯ ಬೆಳ್ಳುಳ್ಳಿ ಚಟ್ನಿ ಅಂಟಿಕೊಂಡಿದ್ದರೆ ಮಾಡಿದ್ದೆಲ್ಲ ವ್ಯರ್ಥ.) ಕೊಡುವಾಗ ಉಗುರು ಬೆಚ್ಚಗಿರಬೇಕು. ಬೆಕ್ಕು ತಿನ್ನೋದು ಮೂಗಿನಿಂದ. ಮೂಗು ಕಟ್ಟಿದ ಬೆಕ್ಕಿಗೆ ಫ್ರಿಜ್‌ನಿಂದ ತೆಗೆದ ತಣ್ಣನೆ ಮಾಂಸ ಇಟ್ಟರೆ ಅದಕ್ಕೆ ಊಟ ಅಂತಲೇ ಅನ್ನಿಸಲ್ಲ. ಮೊದಲು ಒದ್ದೆ ಹತ್ತಿಯಲ್ಲಿ ಮೂಗು ಒರೆಸಿ. ಬಿಸಿನೀರು ಬಿಟ್ಟು ಆವಿ ತುಂಬಿದ ಬಚ್ಚಲಲ್ಲಿ ಹತ್ತು ನಿಮಿಷ ಜೊತೆಗೆ ಕೂತುಕೊಳ್ಳಿ. ಆಮೇಲೆ ಊಟ ಇಡಿ.

ನಾಲ್ಕು ಕೆಜಿ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಬೆಂದ ಕೋಳಿ 100 ಗ್ರಾಂಗೆ ಹೆಚ್ಚುಕಮ್ಮಿ 150 ಸಿಗುತ್ತೆ. ಇವತ್ತೇ ಅಷ್ಟೂ ತಿನ್ನಿಸೋಕೆ ಹೋಗಬೇಡಿ. ಮೊದಲ ದಿನ ಅದರ ಮೂರನೇ ಒಂದು ಭಾಗ, ಒಂದೊಂದು ದೊಡ್ಡ ಚಮಚದಂತೆ ಐದಾರು ಸಲ.

ನಾಳೆ ಬೆಳಿಗ್ಗೆ ಹೊತ್ತಿಗೂ ತಿನ್ನದಿದ್ದರೆ ಕರೆದುಕೊಂಡು ಬನ್ನಿ. ನಾಯಿ ನಾಲ್ಕು ದಿನ ಉಪವಾಸ ಇದ್ದು ಎದ್ದುಬಿಡಬಹುದು, ಬೆಕ್ಕಿನ ಕಥೆ ಹಾಗಲ್ಲ. ಹೊಟ್ಟೆಗೆ ಬೀಳದಿದ್ದರೆ ಮೈಯ ಕೊಬ್ಬೆಲ್ಲ ಲಿವರ್‌ಗೆ ಬಂದು ತುಂಬಿಕೊಳ್ಳುತ್ತೆ, ದಪ್ಪ ಬೆಕ್ಕುಗಳಲ್ಲಿ ಇದು ಜಾಸ್ತಿ. ಎರಡು ಮೂರು ದಿನದ ಉಪವಾಸವೇ ಅದಕ್ಕೆ ಸಾಕಾಗಬಹುದು, ಆಮೇಲೆ ಕಾಮಾಲೆ. ನೆಗಡಿಗೆ ಬಂದ ಬೆಕ್ಕು ಲಿವರ್ ಕೆಟ್ಟು ಹೋಗಿದ್ದನ್ನು ನೋಡಿದ್ದೀನಿ.

ಜ್ವರ ಇದೆ ಅಂತ ಮನೆಯಲ್ಲಿರೋ ಪ್ಯಾರಸಿಟಮಾಲ್ ಮಾತ್ರ ಮುಟ್ಟಬೇಡಿ. ಬೆಕ್ಕಿಗೆ ಒಂದೇ ಮಾತ್ರೆ ಸಾಕು, ಸಾಯುತ್ತೆ.

ಪ್ರಶ್ನೆ (ಚಿತ್ರದುರ್ಗ):
ಸರ್, ನಮ್ಮನೇಲಿ ಮಾಂಸ ಮಾಡಲ್ಲ, ಅತ್ತೆ ಮೊಟ್ಟೆ ಕೂಡ ಒಳಗೆ ಬಿಡಲ್ಲ. ಬೆಕ್ಕು ಹಾಲನ್ನದಲ್ಲೇ ಬೆಳೆದದ್ದು. ಎರಡು ದಿನದಿಂದ ಅದನ್ನೂ ಅರ್ಧಕ್ಕೇ ಬಿಡ್ತಿದೆ.

ಡಾಕ್ಟರ್:
ಹಾಲನ್ನದಲ್ಲಿ ಬೆಳೆದಿದೆ ಅಂತ ನೀವು ಅಂದುಕೊಂಡಿದ್ದೀರಿ ತಾಯಿ. ಅದು ಹಿಡಿದ ಇಲಿ, ಹಲ್ಲಿ, ಪಕ್ಕದ ಮನೆಯ ಮೀನಿನ ತಲೆ ಇವುಗಳ ಲೆಕ್ಕ ನಿಮ್ಮ ಹತ್ರ ಇಲ್ಲ ಅಲ್ವಾ? ಈಗ ಹುಷಾರಿಲ್ಲದೆ ಬೇಟೆ ನಿಂತಿದೆ, ಹಾಗಾಗಿ ನಿಜವಾದ ಊಟ ನಿಂತಂತೆ. ಅಡುಗೆಮನೆ ಮೈಲಿಗೆ ಆಗೋದೇ ಬೇಡ. ಪೆಟ್ ಶಾಪ್‌ನಲ್ಲಿ ಬೆಕ್ಕಿನ ರೆಡಿಮೇಡ್ ಊಟದ ಪೌಚ್ ಸಿಗುತ್ತೆ, ಗ್ರೇವಿ ಇರೋದು ತನ್ನಿ. ಪೌಚನ್ನೇ ಬಿಸಿನೀರಿನ ಲೋಟದಲ್ಲಿ ಐದು ನಿಮಿಷ ಇಟ್ಟು, ಹಿತ್ತಲಲ್ಲೇ ಕತ್ತರಿಸಿ, ಅದಕ್ಕೇ ಅಂತ ಒಂದು ಹಳೇ ತಟ್ಟೆಗೆ ಹಾಕಿ. ನಿಜ ಹೇಳಬೇಕಂದ್ರೆ ಬೇಯಿಸಿದ ಕೋಳಿಗಿಂತ ಇದೇ ಒಳ್ಳೇದು, ಬೆಕ್ಕಿಗೆ ಬೇಕಾದ್ದೆಲ್ಲ ಅದರಲ್ಲಿ ಸೇರಿಸಿರ್ತಾರೆ. ಎರಡು ದಿನ ಆಯ್ತು ಅಂದಿರಿ, ಪೌಚ್ ಕೊಟ್ಟ ಮೇಲೂ ಒಮ್ಮೆ ತೋರಿಸಿ.

ಪ್ರಶ್ನೆ (ದಾವಣಗೆರೆ, ವಿದ್ಯಾನಗರ):
ನಮ್ಮದು ಬೆಚ್ಚಗೆ ಮಾಡಿ ಕೊಟ್ಟರೂ ಬಾಯಿ ತೆಗೀತಿಲ್ಲ. ಸಿರಿಂಜ್‌ನಲ್ಲಿ ಹಾಕಿಬಿಡಲಾ ಸರ್? ಗಂಡು ಬೆಕ್ಕು. ಮರಳಿನ ಟ್ರೇಗೆ ಹೋಗಿ ಹೋಗಿ ಕೂರ್ತಾನೆ, ಮಲಬದ್ಧತೆ ಇರಬೇಕು, ಒಂದು ಸಲ ವಾಂತಿನೂ ಆಯ್ತು.

ಡಾಕ್ಟರ್:
ಸಿರಿಂಜ್ ಕೆಳಗಿಡಿ, ಬೆಕ್ಕನ್ನು ಬುಟ್ಟಿಗೆ ಹಾಕಿಕೊಂಡು ಈಗಲೇ ಹೊರಡಿ. ಅದು ಮಲಬದ್ಧತೆ ಅಲ್ಲ ಅಂತ ನನ್ನ ಅನುಮಾನ, ಮೂತ್ರ ಕಟ್ಟಿರಬಹುದು. ಗಂಡು ಬೆಕ್ಕಿನ ಮೂತ್ರನಾಳ ತೀರಾ ಸಣ್ಣದು, ಪೂರ್ತಿ ಕಟ್ಟಿದರೆ ಒಂದೆರಡು ದಿನದಲ್ಲಿ ಜೀವ ಹೋಗುತ್ತೆ. ನಾಳೆ ಬೆಳಿಗ್ಗೆ ಅನ್ನಬೇಡಿ. ಹೊಟ್ಟೆ ಅಮುಕಿ ನೋಡಬೇಡಿ.

(ಅರ್ಧ ಗಂಟೆ ನಂತರ ಅದೇ ಡಾಕ್ಟರ್)
ಅವರು ಹೊರಟಿದ್ದಾರೆ, ಫೋನ್ ಬಂತು. ಸಿರಿಂಜ್ ಬಗ್ಗೆ ಉಳಿದವರಿಗೆ ಹೇಳ್ತೀನಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ತಿನ್ನದ ಒಂದು ಬೆಕ್ಕನ್ನು ಟವೆಲ್‌ನಲ್ಲಿ ಸುತ್ತಿ, ತಲೆ ಮೇಲೆತ್ತಿ, ರುಬ್ಬಿದ ಮಾಂಸ ಹಾಕುತ್ತಾ ಹೋದೆ. ಅದು ಕಿರುಚುವಾಗ ಸ್ವಲ್ಪ ಶ್ವಾಸಕೋಶಕ್ಕೆ ಹೋಯಿತು. ನ್ಯುಮೋನಿಯಾ ಆಯಿತು, ಹನ್ನೆರಡು ದಿನ ಆ್ಯಂಟಿಬಯಾಟಿಕ್ ಕೊಟ್ಟು ಹೇಗೋ ಉಳಿಸಿಕೊಂಡೆವು. ಬದುಕಿತು, ಆದರೆ ಆ ಮೇಲೆ ಕೋಳಿ ಕಂಡರೆ ಓಡುತ್ತಿತ್ತು. ಹೊಟ್ಟೆ ತೊಳಸುವಾಗ ಬಲವಂತವಾಗಿ ತಿನ್ನಿಸಿದ್ದನ್ನು ಬೆಕ್ಕು ಮರೆಯಲ್ಲ. ಬೇಕಿದ್ದರೆ ಬೆರಳ ತುದಿಯಲ್ಲಿ ಇಷ್ಟೇ ಇಷ್ಟು ತುಟಿಗೆ ಹಚ್ಚಿ, ನೆಕ್ಕಿದರೆ ಸರಿ, ಇಲ್ಲಾಂದ್ರೆ ತಟ್ಟೆ ಎತ್ತಿಬಿಡಿ. ವಾಂತಿ ನಿಲ್ಲೋಕೆ, ಹಸಿವಾಗೋಕೆ ಔಷಧಿ ಇದೆ, ಅದು ನಮ್ಮ ಕೆಲಸ.

ಪ್ರಶ್ನೆ (ಬೆಣ್ಣೆ ಮನೆಯವರು, ಮಾರನೇ ದಿನ):
ಡಾಕ್ಟ್ರೇ ತಿಂದ್ಲು! ರಾತ್ರಿ ಎರಡು ಚಮಚ, ಬೆಳಿಗ್ಗೆ ನಾಲ್ಕು. ಈಗ ಒಣ ಫುಡ್ ಇಟ್ರೆ ಮುಖ ತಿರುಗಿಸ್ತಾಳೆ, ಕೋಳಿನೇ ಬೇಕಂತೆ. ಇದನ್ನೇ ದಿನಾ ಕೊಟ್ಟರಾಗಲ್ವಾ?

ಡಾಕ್ಟರ್:
ಖುಷಿ ಆಯ್ತು. ದಿನಾ ಆಗಲ್ಲ ಮೇಡಂ, ನಾಲ್ಕೈದು ದಿನ ಸರಿ. ಬರೀ ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಮರಿಗಳಿಗೆ ಕೊಟ್ಟರೆ ಮೂಳೆ ಮೆತ್ತಗಾಗಿ ಮುರಿಯುತ್ತೆ. ಇನ್ನೊಂದು ಟಾರಿನ್ ಅನ್ನೋ ಮಾಂಸದಲ್ಲಿರೋ ಪೋಷಕಾಂಶ, ಬೇಯಿಸಿದಾಗ ಅರ್ಧಂಬರ್ಧ ನೀರಿಗೆ ಇಳಿದುಹೋಗುತ್ತೆ, ಅದಕ್ಕೇ ನೀರು ಚೆಲ್ಲಬೇಡಿ ಅಂದಿದ್ದು. ಅದು ಕಮ್ಮಿಯಾದರೆ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತೆ, ಕಣ್ಣೂ ಹೋಗುತ್ತೆ. ಕ್ಯಾಲಿಫೋರ್ನಿಯಾದ ಡೇವಿಸ್‌ನ ಪಶುವೈದ್ಯರು 1987ರಲ್ಲಿ ಹೃದಯದ ಈ ವಿಷಯ ತೋರಿಸಿದ ಮೇಲೆಯೇ ಕಂಪನಿಗಳು ಡಬ್ಬಿ ಫುಡ್‌ಗೆ ಟಾರಿನ್ ಜಾಸ್ತಿ ಹಾಕೋಕೆ ಶುರು ಮಾಡಿದ್ದು.

ಅವಳ ಒಣ ಫುಡ್ಡನ್ನು ಪುಡಿ ಮಾಡಿ, ರುಬ್ಬಿದ ಕೋಳಿಗೆ ಒಂದು ಚಿಟಿಕೆ ಬೆರೆಸಿ. ನಾಳೆ ಎರಡು ಚಿಟಿಕೆ. ಹೀಗೇ ವಾರದಲ್ಲಿ ತಿರುಗಿಸಿ. ಉಳಿದ ಕೋಳಿ ಫ್ರಿಜ್‌ನಲ್ಲಿ ಎರಡು ದಿನ ಮಾತ್ರ, ಜಾಸ್ತಿ ಇದ್ದರೆ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ. ನಮ್ಮೂರ ಬಿಸಿಲಿಗೆ ತಟ್ಟೆಯಲ್ಲಿ ಅರ್ಧ ಗಂಟೆ ಇದ್ದದ್ದನ್ನು ಎಸೆದುಬಿಡಿ. ಸೀನು ಇನ್ನೂ ಇದ್ದರೆ ಶನಿವಾರ ಕರೆತನ್ನಿ, ಬಾಯೊಳಗೆ ಹುಣ್ಣು ಇದೆಯಾ ನೋಡಬೇಕು.

ವಿದ್ಯಾನಗರದ ಗಂಡು ಬೆಕ್ಕು ಕೇಳಿದವರಿಗೆ: ಮೂತ್ರವೇ ಕಟ್ಟಿತ್ತು, ನಳಿಕೆ ಹಾಕಿ ಬಿಡಿಸಿದ್ದಾರೆ. ಇವತ್ತು ಮಧ್ಯಾಹ್ನ ತಾನೇ ಎದ್ದು ಪೌಚ್ ನೆಕ್ಕಿದನಂತೆ.